ನಿನ್ನ ಭಾರ ನನಗಿರಲಿ

"ಕೈ ತೆಗಿ!"

ದೂನ್ಯಾ ಕೂಗಿದ ರಭಸಕ್ಕೆ ಸಾಂಸ್ಕೃತಿಕ ಭವನದ ಕಾರಿಡಾರ್‌ನಲ್ಲಿ ಹೋಗುತ್ತಿದ್ದವರೆಲ್ಲ ನಿಂತು ತಿರುಗಿ ನೋಡಿದರು.

ಅವಳ ಗಾಲಿಕುರ್ಚಿಯ ಹಿಡಿಕೆ ಹಿಡಿದು ತಳ್ಳುತ್ತಿದ್ದ ಎತ್ತರದ ಹುಡುಗ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

"ಸಹಾಯ ಮಾಡೋಣ ಅಂತ..."

"ನಾನು ಕೇಳಿದ್ನಾ? ದಾರೀಲಿ ಹೋಗೋ ಹುಡುಗೀರನ್ನೆಲ್ಲ ಹೀಗೇ ಸೊಂಟಕ್ಕೆ ಕೈ ಹಾಕಿ ನೂಕ್ಕೊಂಡು ಹೋಗ್ತೀಯಾ?"

"ಅಯ್ಯೋ, ನಾನೆಲ್ಲಿ ಸೊಂಟ ಮುಟ್ಟಿದೆ? ಕುರ್ಚಿ..."

"ಈ ಕುರ್ಚೀನೇ ನನ್ನ ಸೊಂಟ. ಕಾಲೂ ಇದೇ. ಕೇಳದೆ ಮುಟ್ಟಿದ್ರೆ ಕಪಾಳಕ್ಕೆ ಬೀಳತ್ತೆ!"

ಹುಡುಗನ ಕಿವಿಗಳು ಕೆಂಪಾದವು. 'ಪಾಪ... ನಿಜಕ್ಕೂ ಒಳ್ಳೆಯವನೇನೋ' ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಆದರೆ ಅದನ್ನು ಮುಖದಲ್ಲಿ ತೋರಿಸಿಬಿಟ್ಟರೆ ಅವಳು ದೂನ್ಯಾ ಹೇಗಾದಾಳು?

ಅವನ ಹೆಸರು ಊರೋಶ್. ಅದೇ ಸೋಂಬೋರ್ ಊರಲ್ಲಿ ಸೈಕಲ್ ರಿಪೇರಿ ಅಂಗಡಿ. ಸಂಜೆ ಭವನದ ಮಹಡಿಯ ಮೇಲೆ ಜಾನಪದ ತಂಡದ ಜೊತೆ ಕೋಲೋ ಕುಣಿತ. ಕೈ ಕೈ ಹಿಡಿದು ಸುತ್ತುವ ಆ ಸಾಲಿನಲ್ಲಿ ಮೊದಲ ಜಾಗ ಅವನದು. ಮಹಡಿಗೆ ಮೆಟ್ಟಿಲು ಮಾತ್ರ, ಲಿಫ್ಟ್ ಇಲ್ಲ. ಹಾಗಾಗಿ ಕೆಳಗಿನ ಹಾಲ್‌ನಲ್ಲಿ ದೂನ್ಯಾ ಕುಣಿಯುತ್ತಾಳೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಗಲಾಟೆ ಕೇಳಿ ಹೊರಗೆ ಬಂದವಳು ನೃತ್ಯ ಗುರು ರೂಝಾ. ವಯಸ್ಸು ಅರವತ್ತು ದಾಟಿತ್ತು, ತುಟಿಯಲ್ಲಿ ಹಚ್ಚದ ಸಿಗರೇಟು. ಊರೋಶ್‌ನನ್ನು ಸಂತೆಯಲ್ಲಿ ಎತ್ತು ನೋಡುವವಳ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ಕುಣಿಯಕ್ಕೆ ಬರತ್ತೇನೋ?"

"ಬರತ್ತೆ. ಮೇಲ್ಗಡೆ ತಂಡದಲ್ಲಿ..."

"ಮೇಲಕ್ಕೆ ಎಲ್ರೂ ಹತ್ತುತಾರೆ. ಒಳಗೆ ಬಾ. ನನ್ನ ತಂಡದಲ್ಲಿ ಗಂಡಸರಿಗೆ ಬರಗಾಲ."

"ರೂಝಾ ಆಂಟಿ, ಇವನು ಬೇಡ!" ಎಂದಳು ದೂನ್ಯಾ.

"ಇವನೇ ನಿನ್ನ ಜೋಡಿ," ಎಂದಳು ರೂಝಾ.

ಆ ಹಾಲ್‌ನೊಳಗೆ ಊರೋಶ್ ಕಂಡದ್ದೇ ಬೇರೆ ಲೋಕ. ಕಣ್ಣು ಕಾಣದ ನಿವೃತ್ತ ಅಂಚೆಯಣ್ಣನೊಬ್ಬ ಕಾಲೇಜು ಹುಡುಗಿಯನ್ನು ಗಿರ್ರನೆ ತಿರುಗಿಸುತ್ತಿದ್ದ. ಕಿವಿ ಕೇಳದ ದರ್ಜಿ ಹೆಂಗಸು ಬರಿಗಾಲಲ್ಲಿ ನಿಂತು, ಮರದ ನೆಲದಲ್ಲಿ ಹರಿಯುವ ಅಕಾರ್ಡಿಯನ್ ನಡುಕ ಹಿಡಿದು ಹೆಜ್ಜೆ ಹಾಕುತ್ತಿದ್ದಳು. ತಾಳ ತಪ್ಪಿದವನು, ಕಣ್ಣೂ ಕಿವಿಯೂ ನೆಟ್ಟಗಿದ್ದ ಬ್ಯಾಂಕ್ ಗುಮಾಸ್ತ. ಯಾರು ಯಾರಿಗೆ ಸಹಾಯ ಮಾಡುತ್ತಿದ್ದಾರೆ ಎಂಬುದು ನೋಡಿದರೆ ತಿಳಿಯುವಂತಿರಲಿಲ್ಲ.

"ನಮ್ಮಲ್ಲಿ ಒಬ್ಬ ಹೊರೋನು, ಒಬ್ಬ ಹೊರಿಸ್ಕೊಳ್ಳೋನು ಅಂತಿಲ್ಲ," ಎಂದಳು ರೂಝಾ. "ಇಬ್ರೂ ಭಾರ ಕೊಡಬೇಕು. ಒಬ್ರು ಕೊಡದೇ ಹೋದ್ರೂ ಇಬ್ರೂ ಬೀಳ್ತೀರಿ. ನಾನು 'ಬಿಡು' ಅಂದ್ರೆ ಕೈ ಬಿಡೋದಲ್ಲ, ತಿಳೀತಾ? ಮೈ ಬಿಡು ಅಂತ. ನಿನ್ನ ಭಾರ ಎದುರಿನೋರ ಮೇಲೆ ಬಿಡು ಅಂತ. ಕೈ ತೆಗೀಬೇಕು ಅಂದ್ರೆ 'ಸಾಕು' ಅಂತೀನಿ."

ಆ ಹಾಲ್‌ನಲ್ಲಿ ಅದು ಮಂತ್ರದಂತಾಗಿತ್ತು. ಬಿಡು... ಬಿಡು... ಭುಜ ಬಿಗಿಯಾದವರಿಗೆ ಜೊತೆಗಾರರು ಮೆಲ್ಲಗೆ ಹೇಳುವ ಮಾತು. ಹೊರಗಿನವರ ಬಾಯಲ್ಲಿ ಅದರ ಅರ್ಥ ಬೇರೆ ಎಂಬುದನ್ನೇ ದೂನ್ಯಾ ಮರೆತಿದ್ದಳು.

ಚಳಿಗಾಲವೆಲ್ಲ ಜಗಳದಲ್ಲೇ ಕಳೆಯಿತು. ಜಗಳದಲ್ಲೇ ಪ್ರೀತಿಯೂ ಬೆಳೆಯಿತು.

"ಬಿಡು ಊರೋಶ್!"

"ಬಿಟ್ಟಿದೀನಲ್ಲೇ!"

"ಸುಳ್ಳು. ಅರ್ಧ ಮೈ ನಿನ್ನ ಹತ್ರಾನೇ ಇಟ್ಕೊಂಡಿದೀಯ. ಜಿಪುಣ!"

"ನಾನು ತೊಂಬತ್ತು ಕೆಜಿ ಕಣೇ ಮಾರಾಯ್ತಿ..."

"ನನ್ನ ತೋಳು ನೋಡಿದೀಯಾ? ಹುಟ್ಟಿದಾಗಿಂದ ನನ್ನ ಇಡೀ ಮೈ ಎಳೀತಾ ಇದೆ. ನಿನ್ನ ಎಳೆಯಕ್ಕೆ ಆಗಲ್ವಾ?"

ಅವನು ನಗುತ್ತಿದ್ದ. ತನ್ನ ಅಂಗಡಿಯಲ್ಲಿ ಅವಳ ಗಾಲಿಗಳಿಗೆ ಎಣ್ಣೆ ಹಾಕಿ, ಕಡ್ಡಿಗಳನ್ನು ಒಂದೊಂದಾಗಿ ಬಿಗಿದುಕೊಡುತ್ತಿದ್ದ. ಈಗ ಕುರ್ಚಿ ಮುಟ್ಟುವ ಮುನ್ನ, "ಅಮ್ಮಣ್ಣೀ, ಅಪ್ಪಣೆ ಉಂಟಾ?" ಎಂದು ಕೇಳುತ್ತಿದ್ದ. ಅವಳು ಸಿಡುಕಿನ ಮುಖ ಮಾಡಿಕೊಂಡು ಹೂಂ ಎನ್ನುತ್ತಿದ್ದಳು. ಮನೆಗೆ ಹೋದ ಮೇಲೆ ಆ ಸಿಡುಕು ಎಲ್ಲಿ ಓಡಿಹೋಗುತ್ತಿತ್ತೋ! ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು.

ಆದರೆ ಅವನು ಪೂರ್ತಿ ಭಾರ ಬಿಟ್ಟದ್ದು ಒಂದು ದಿನವೂ ಇಲ್ಲ. 'ಆಮೇಲೆ ಕಲಿತಾನೆ' ಎಂದುಕೊಂಡಳು. ಆ 'ಆಮೇಲೆ' ಬರಲಿಲ್ಲ.

ವಸಂತದಲ್ಲಿ ಊರಿನ ರಂಗಮಂದಿರದಲ್ಲಿ ರೂಝಾಳ ತಂಡದ ಪ್ರದರ್ಶನ. ಮುಂದಿನ ಸಾಲಿನಲ್ಲಿ ಊರೋಶ್‌ನ ಜಾನಪದ ತಂಡದ ಗೆಳೆಯರು. ಕೊನೆಯ ಭಂಗಿಗೆ ಇಬ್ಬರೂ ಮಣಿಕಟ್ಟು ಹಿಡಿದುಕೊಂಡರು. ದೂನ್ಯಾ ಕುರ್ಚಿಯನ್ನು ಹಿಂದಿನ ಗಾಲಿಗಳ ಮೇಲೆ ಎತ್ತಿ ಹಿಂದಕ್ಕೆ ವಾಲಬೇಕು, ಅವನು ಅತ್ತ ಅಷ್ಟೇ ವಾಲಬೇಕು. ಒಬ್ಬರ ಭಾರಕ್ಕೆ ಇನ್ನೊಬ್ಬರ ಭಾರವೇ ಆಸರೆ.

ಆಗ ಯಾರೋ ಪಿಸುಗುಟ್ಟಿದ್ದು ವೇದಿಕೆವರೆಗೂ ಕೇಳಿಸಿತು. "ಹುಷಾರು ಕಣೋ... ಪಾಪದ ಹುಡುಗಿ, ಮುರಿದು ಹೋಗ್ತಾಳೆ!"

ಊರೋಶ್‌ನ ಕಣ್ಣಲ್ಲಿ ಭಯ ಮಿಂಚಿತು. ಅವನು ವಾಲಲಿಲ್ಲ. ಕಂಬದಂತೆ ನೆಟ್ಟಗೆ ನಿಂತು, ತೋಳಿನ ಬಲದಿಂದಲೇ ಅವಳನ್ನು ತಡೆಯಲು ನೋಡಿದ.

'ಬೇಡ... ಎಳೀಬೇಡ... ವಾಲು!'

ಬೆವರಿದ ಕೈ ಜಾರಿತು. ಕುರ್ಚಿ ಹಿಮ್ಮುಖವಾಗಿ ಮಗುಚಿ ಬಿತ್ತು. ಬಲಗೈ ಊರಿದ ದೂನ್ಯಾಳ ಮಣಿಕಟ್ಟಿನಲ್ಲಿ ಲಟಕ್ ಎಂದ ಸದ್ದು ಅವಳಿಗೊಬ್ಬಳಿಗೇ ಕೇಳಿಸಿತು.

ಮರುದಿನ ಬೆಳಿಗ್ಗೆ ಊರೋಶ್ ಆಸ್ಪತ್ರೆಗೆ ಬಂದ. ಮಂಚದ ಪಕ್ಕದಲ್ಲಿ ನಿಂತ. ಕೂರಲಿಲ್ಲ, ಮುಟ್ಟಲಿಲ್ಲ. ಹಲ್ಲು ಕಚ್ಚಿಕೊಂಡಿದ್ದ, ಭುಜಗಳೆರಡೂ ಕಿವಿಯವರೆಗೆ ಬಿಗಿದಿದ್ದವು. ಅಳು ತಡೆಯಲು ಹೆಣಗುತ್ತಿದ್ದ.

ದೂನ್ಯಾ ಎಡಗೈಯಿಂದ ಅವನ ತೋಳು ಸವರಿದಳು.

"ಬಿಡು ಊರೋಶ್..." ಎಂದಳು ಮೆಲ್ಲಗೆ. "ಬಿಡು."

ಅವನು ಅವಳನ್ನೇ ನೋಡಿದ. ಮುಖ ಬಿಳಿಚಿಕೊಂಡಿತು. ಒಮ್ಮೆ ತಲೆಯಾಡಿಸಿ, ತಿರುಗಿ, ಹೊರಟುಹೋದ!

ಬಾಗಿಲಲ್ಲಿ ಕೋಳಿಸಾರಿನ ಡಬ್ಬಿ ಹಿಡಿದು ನಿಂತಿದ್ದ ದೂನ್ಯಾಳ ತಾಯಿ ಲೆಪಾ ಅವನಿಗೆ ದಾರಿ ಬಿಟ್ಟಳು. ಅವನು ಮತ್ತೆ ಬರಲಿಲ್ಲ.

ನಡೆಯುವವರಿಗೆ ಕೈ ಮುರಿದರೆ ಕೈ ಮಾತ್ರ ಮುರಿಯುತ್ತದೆ. ದೂನ್ಯಾಳಿಗೆ ಕೈಯೂ ಹೋಗಿತ್ತು, ಕಾಲೂ ಹೋಗಿತ್ತು. ಅಡುಗೆಮನೆಯಿಂದ ಕಿಟಕಿಯವರೆಗೆ ಹೋಗಬೇಕಾದರೂ "ಅಮ್ಮಾ" ಎನ್ನಬೇಕು. ತಲೆ ಬಾಚಿಸಿಕೊಳ್ಳಬೇಕು, ಬ್ರೆಡ್ ಮುರಿಸಿಕೊಳ್ಳಬೇಕು. ಬಚ್ಚಲುಮನೆಯ ಮಾತಂತೂ ಹೇಳುವುದೇ ಬೇಡ.

ಅದೆಲ್ಲ ಸಹಿಸಬಹುದಿತ್ತು. ಫೋನು ಸುಮ್ಮನಿರುವುದನ್ನು ಹೇಗೆ ಸಹಿಸುವುದು?

'ಒಂದೇ ಒಂದು ಸಲ ಬಾರೋ... ಬೈಯಕ್ಕಾದ್ರೂ ಬಾ...'

ಎಡಗೈಯಲ್ಲಿ ತಡವರಿಸುತ್ತ ಮೆಸೇಜು ಬರೆಯುತ್ತಿದ್ದಳು, ಅಳಿಸುತ್ತಿದ್ದಳು. ಬಾ ಎಂದು ಬೇಡಿದರೆ ಬರುತ್ತಾನೆ, ಅವಳಿಗೆ ಗೊತ್ತಿತ್ತು. ಕರುಣೆಯಿಂದ ಬಂದುಬಿಟ್ಟರೆ? ಆ ಭಯಕ್ಕೆ ಬೆರಳು ನಿಲ್ಲುತ್ತಿತ್ತು.

ನೋಡಲು ಬಂದ ರೂಝಾ ಸುದ್ದಿ ತಂದಳು. "ನಮ್ಮ ತಂಡ ಬಿಟ್ಟ. ಮೇಲ್ಗಡೆಗೇ ವಾಪಸ್ ಹೋದ. ಏನಾಯ್ತೋ ಅಂದ್ರೆ ಬಾಯೇ ಬಿಡಲ್ಲ."

ದೂನ್ಯಾ ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಊಟ ಸೇರಲಿಲ್ಲ. ತಾಯಿ ಮಾಡಿದ ಗಸಗಸೆ ರೋಲ್ ಮೇಜಿನ ಮೇಲೆ ಒಣಗಿತು. ಪ್ಲಾಸ್ಟರ್ ಬಿಚ್ಚಿದರೂ ಇನ್ನು ಕುಣಿಯುವುದಿಲ್ಲ ಎಂದು ನಿರ್ಧರಿಸಿಬಿಟ್ಟಳು. ಭಾರ ಕೊಡುವವನೇ ಇಲ್ಲದ ಮೇಲೆ ಯಾರ ಜೊತೆ ಕುಣಿಯುವುದು? ಬದುಕುವುದಕ್ಕೂ ಬೇಸರವಾಗಿತ್ತು ಆ ಹುಡುಗಿಗೆ.

ಜೂನ್‌ನ ಒಂದು ಬೆಳಿಗ್ಗೆ ರೂಝಾ ಫೋನ್ ಮಾಡಿದಳು.

"ಮೇಲ್ಗಡೆ ತಂಡದ ಬಸ್ಸು ಈಗ ಹೊರಡ್ತಾ ಇದೆ. ಬೇಸಿಗೆ ಪೂರ್ತಿ ಸಮುದ್ರದ ಕಡೆ, ಹೋಟೆಲುಗಳಲ್ಲಿ ಕುಣಿಯಕ್ಕೆ. ಅವನೂ ಹೋಗ್ತಾನೆ. ಹೇಳಬೇಕು ಅನ್ನಿಸ್ತು, ಹೇಳಿದೆ."

ದೂನ್ಯಾ ಫೋನ್ ಕೆಳಗಿಟ್ಟಳು.

"ಅಮ್ಮಾ! ಭವನಕ್ಕೆ ಕರ್ಕೊಂಡು ಹೋಗು. ಈಗಲೇ!"

ಲೆಪಾ ಪಾತ್ರೆ ತೊಳೆಯುತ್ತಿದ್ದಳು. ತಿರುಗಲೂ ಇಲ್ಲ. "ಯಾಕೆ? ಇನ್ನೊಂದು ಕೈ ಮುರಿಸ್ಕೊಳ್ಳಕ್ಕಾ?"

"ಅಮ್ಮಾ, ಕಾಲಿಗೆ ಬೀಳ್ತೀನಿ..."

"ಬೀಳೋ ಮಾತು ಎತ್ತಲೇಬೇಡ! ಅವತ್ತು ಎಷ್ಟು ಚೆನ್ನಾಗಿ ಹೇಳಿ ಕಳಿಸಿದೆ ಅವನನ್ನ. ನನ್ನ ಮಗಳು ಅಂದ್ರೆ ಹೀಗಿರಬೇಕು ಅಂದ್ಕೊಂಡೆ. ಈಗ ಅವನ ಹಿಂದೆ ಓಡ್ತೀನಿ ಅಂತೀಯಲ್ಲ ಮಗಾ!"

"ನಾನೇನು ಹೇಳಿ ಕಳಿಸಿದೆ?"

"ನಾನು ಬಾಗಿಲಲ್ಲೇ ಇದ್ನಲ್ಲೇ! ಕಿವಿಯಾರೆ ಕೇಳಿದೀನಿ. 'ಬಿಡು ಊರೋಶ್, ಬಿಡು' ಅಂದೆ. ಒಂದು ಸಲ ಅಲ್ಲ, ಎರಡು ಸಲ. ನನ್ನ ಪಾಡಿಗೆ ನನ್ನ ಬಿಟ್ಟು ಹೋಗು ಅಂತ. ಮರ್ಯಾದಸ್ಥ, ಬಿಟ್ಟು ಹೋದ."

ದೂನ್ಯಾ ಮನಸ್ಸಿನಲ್ಲೇ ಆ ಮಾತನ್ನು ಮತ್ತೆ ಹೇಳಿಕೊಂಡಳು.

ಬಿಡು...

'ಅಯ್ಯೋ ದೇವರೇ! ಅಮ್ಮನಿಗೆ ಕೇಳಿಸಿದ್ದೇ ಅವನಿಗೂ ಕೇಳಿಸಿತಾ? ಅಳು ತಡ್ಕೋಬೇಡ, ನನ್ನ ಮೇಲೆ ಒರಗಿಕೋ ಅಂದೆನಲ್ಲಾ... ನನ್ನ ಬಾಯಿಂದಲೇ ಅವನನ್ನ ಆಚೆ ಕಳಿಸಿದೆನಾ!'

ಅವಳು ಮತ್ತೆ ತಾಯಿಯನ್ನು ಕೇಳಲಿಲ್ಲ. ಎಡಗೈಯೊಂದರಿಂದಲೇ ಗಾಲಿ ನೂಕಿದಳು. ಅಂಗಳದವರೆಗೆ ಹೇಗೋ ಬಂತು. ಅಲ್ಲಿ ಕುರ್ಚಿ ಗಾಣದೆತ್ತಿನ ಹಾಗೆ ನಿಂತಲ್ಲೇ ಸುತ್ತತೊಡಗಿತು. ನೂಕಿದಳು, ಸುತ್ತಿತು. ಮತ್ತೆ ನೂಕಿದಳು, ಮತ್ತೆ ಸುತ್ತಿತು. ಪ್ಲಾಸ್ಟರ್ ಕೈಯಿಂದಲೂ ಗಾಲಿ ಒತ್ತಲು ಹೋಗಿ ನೋವಿಗೆ ಚೀರಿದಳು.

"ಸಾಕು ಮಾಡೇ! ನೋಡಕ್ಕಾಗಲ್ಲ ನನ್ನ ಕೈಲಿ!" ಲೆಪಾ ಒದ್ದೆ ಕೈಯಲ್ಲೇ ಓಡಿಬಂದಳು.

"ಅಮ್ಮಾ... ಅವನನ್ನ ಹೋಗು ಅನ್ನಲಿಲ್ಲಮ್ಮಾ ನಾನು. ಬಾ ಅಂದೆ. ಯಾರಿಗೂ ಅರ್ಥ ಆಗಲಿಲ್ಲ..."

ಲೆಪಾಳಿಗೂ ಆ ಕ್ಷಣ ಏನೂ ಅರ್ಥವಾಗಲಿಲ್ಲ. ಮಗಳ ಮುಖವೊಂದು ಅರ್ಥವಾಯಿತು. ಮನೆಯ ಚಪ್ಪಲಿಯಲ್ಲೇ, ಏಪ್ರನ್ನೂ ಬಿಚ್ಚದೆ, ಕುರ್ಚಿ ಹಿಡಿದು ಬೀದಿಗಿಳಿದಳು. ದಾರಿಯುದ್ದಕ್ಕೂ ಬೈಗುಳ. ಊರೋಶ್‌ಗೆ, ರೂಝಾಗೆ, ಕುಣಿತ ಕಂಡುಹಿಡಿದವರಿಗೆ, ಎದುರು ಬಂದ ಸೈಕಲ್ ಸವಾರರಿಗೆ. ಆದರೆ ಕಾಲು ಮಾತ್ರ ಓಡುತ್ತಲೇ ಇತ್ತು.

ಭವನದ ಮುಂದೆ ಬಸ್ಸು ಗುರುಗುಟ್ಟುತ್ತಿತ್ತು. ಕುಣಿತದ ಉಡುಪು ತುಂಬಿದ ಪೆಟ್ಟಿಗೆ ಹೊತ್ತು ಊರೋಶ್ ಮೆಟ್ಟಿಲಿಳಿಯುತ್ತಿದ್ದ.

"ಊರೋಶ್!"

ಅವನು ನಿಂತ. ಪೆಟ್ಟಿಗೆ ಕೆಳಗಿಟ್ಟ. ಸೊರಗಿಹೋಗಿದ್ದ ಹುಡುಗ. ಹತ್ತಿರ ಬಂದವನು ಕೈಯಳತೆಯಲ್ಲೇ ನಿಂತುಬಿಟ್ಟ.

"ಕೈ... ನೋವಿದೆಯಾ?" ಎಂದ.

"ಯಾಕೆ ಬರಲಿಲ್ಲ?"

"ನೀನೇ ಬಿಡು ಅಂದೆಯಲ್ಲ." ಅವನು ತಲೆ ತಗ್ಗಿಸಿದ. "ನಿನ್ನ ಕೈ ಮುರಿದೋನು ನಾನು. ಯಾವ ಮುಖ ಇಟ್ಕೊಂಡು ಇಲ್ಲ ಅನ್ನಲಿ?"

"ಕತ್ತೆ! ನಾನು ಅಂದಿದ್ದು ರೂಝಾ ಆಂಟಿಯ ಬಿಡು!"

ಊರೋಶ್ ತಲೆ ಎತ್ತಿ ಅವಳನ್ನೇ ದಿಟ್ಟಿಸಿದ.

"ಅಳು ಬರ್ತಿತ್ತು ನಿನಗೆ. ತಡ್ಕೊಂಡು ಸಾಯ್ತಿದ್ದೆ. ಮೈ ಬಿಡು, ನನ್ನ ಮೇಲೆ ಬಿಡು ಅಂದೆ ಕಣೋ..." ದೂನ್ಯಾಳ ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. "ನೀನು ಹೊರಟೇ ಹೋದೆ. ದಿನಾ ಬಾಗಿಲು ನೋಡ್ತಾ ಕೂತೆ. ಅಷ್ಟು ಬೇಗ ಹೋಗಿಬಿಟ್ಟೆಯಲ್ಲೋ!"

"ನಾನು... ಆಸ್ಪತ್ರೇಲಿ ಆ ಅರ್ಥ ಹೊಳೀಲೇ ಇಲ್ಲ ಕಣೇ. ಸಾಕು ಅನ್ನಲಿಲ್ಲ ನೀನು... ಹೌದು, ಸಾಕು ಅನ್ನಲೇ ಇಲ್ಲ..." ಅವನು ತನ್ನ ತಲೆಗೆ ತಾನೇ ಹೊಡೆದುಕೊಂಡ. "ಆದ್ರೂ ಬೀಳಿಸಿದ್ದು ನಾನೇ ತಾನೆ?"

"ಬೀಳಿಸಿದ್ದು ನಿನ್ನ ಕೈ ಅಲ್ಲ. ಪಾಪ ಅಂತ ನೋಡಿದೆಯಲ್ಲ, ಅದು. ಆ ಒಂದು ಗಳಿಗೆ ನಿನಗೆ ನಾನು ಕುಣಿಯೋಳಾಗಿ ಕಾಣಲಿಲ್ಲ. ಗಾಜಿನ ಬಟ್ಟಲಾಗಿ ಕಂಡೆ. ನನ್ನ ಭಾರವೆಲ್ಲ ನೀನು ಹೊತ್ಕೊಂಡೆ, ನಿಂದು ಒಂದು ಚೂರೂ ಕೊಡಲಿಲ್ಲ."

"ಭಯ ಆಯ್ತು ದೂನ್ಯಾ."

"ನನಗೂ ಭಯ ಆಗತ್ತೆ. ಹಾಗಂತ ನಿನ್ನ ಬಿಟ್ಟು ಬದುಕಕ್ಕೆ ಆಗ್ತಾ ಇಲ್ಲ. ಪ್ರೀತಿಸ್ತೀನಿ ಕಣೋ. ಬೇಡ ಅಂದ್ರೆ ಈಗಲೇ ಹೇಳಿಬಿಡು, ಬಸ್ಸು ಹತ್ತು. ಕರುಣೆಗೆ ಮಾತ್ರ ನಿಲ್ಲಬೇಡ."

ಬಸ್ಸು ಹಾರ್ನ್ ಹೊಡೆಯಿತು. ಕಿಟಕಿಯಿಂದ ಯಾರೋ ಕೂಗಿದರು. "ಊರೋಶ್! ಸಾಲಿಗೆ ಮೊದಲಿಗ ನೀನೇ ಇಲ್ಲ ಅಂದ್ರೆ ಹೇಗೋ?"

ಅವನು ಆ ಕಡೆ ನೋಡಲಿಲ್ಲ. ಅವಳ ಮುಂದೆ ಮಂಡಿಯೂರಿದ.

"ಕರುಣೆಯಾ? ಅಂಗಡೀಲಿ ಯಾರ ಗಾಲಿ ಬಿಚ್ಚಿದ್ರೂ ನಿಂದೇ ನೆನಪು. ಪ್ರೀತಿ ದೂನ್ಯಾ... ಬರೀ ಪ್ರೀತಿ."

ಹೇಳುತ್ತ ಹೇಳುತ್ತಲೇ ಅವನ ಭುಜ ಕುಸಿಯಿತು. ಇಷ್ಟು ದಿನ ತಡೆದಿಟ್ಟ ಅಳು ಒಡೆಯಿತು. ಹಣೆಯನ್ನು ಅವಳ ಹೆಗಲಿಗೆ ಒತ್ತಿದ, ಆಮೇಲೆ ಎದೆ, ಆಮೇಲೆ ತೊಂಬತ್ತು ಕೆಜಿಯ ಇಡೀ ದೇಹ. ಕುರ್ಚಿ ಹಿಂದಕ್ಕೆ ಉರುಳತೊಡಗಿತು.

"ಅಯ್ಯಯ್ಯೋ!" ಎನ್ನುತ್ತ ಲೆಪಾ ಗಾಲಿಗೆ ಚಪ್ಪಲಿಗಾಲು ಅಡ್ಡ ಕೊಟ್ಟಳು. "ನಿಧಾನ ಕಣೋ ಎಮ್ಮೆ! ಇರೋ ಒಬ್ಬಳು ಮಗಳು..."

ಬೈದಳೇ ಹೊರತು, ಅವನನ್ನು ಎಬ್ಬಿಸಲಿಲ್ಲ. ಮುಖ ತಿರುಗಿಸಿ ಏಪ್ರನ್‌ನಿಂದ ಕಣ್ಣು ಒರೆಸಿಕೊಂಡಳು.

ಬಸ್ಸಿನ ಬಾಗಿಲು ಮುಚ್ಚಿತು. ಹೊರಟೂ ಹೋಯಿತು.

ದೂನ್ಯಾ ಎಡಗೈಯಿಂದ ಅವನ ಬೆನ್ನು ಬಳಸಿದ್ದಳು. ಉಸಿರಾಡುವುದೇ ಕಷ್ಟವಾಗಿತ್ತು. ಅವನ ಕಣ್ಣೀರಿಗೆ ಅವಳ ಕುತ್ತಿಗೆಯೆಲ್ಲ ಒದ್ದೆ.

"ಭಾರ ಆಯ್ತಾ?" ಎಂದ ಅವನು, ತಲೆ ಎತ್ತದೆ.

"ತುಂಬಾ..." ಎಂದಳು ಅವಳು. "ಏಳಬೇಡ."