ಲ್ಯಾಪ್‌ಟಾಪಿನಲ್ಲಿ ಅವನ ಅರ್ಧ

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟು, ಮೈದುನ ಒಬ್ಬನೇ ಉಳಿದಿದ್ದ. ಆಮೇಲಿನ ಮೊದಲ ಮಾಮೂಲು ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ತೆರೆದೆ.

ಕಪ್ಪು ಪರದೆ, ಎರಡು ಸಾಲು. ಒಂದೇ ಯಂತ್ರದಲ್ಲಿ ಎರಡು ಸಿಸ್ಟಮ್: ಮೊದಲ ಸಾಲು ಅವನ ಲಿನಕ್ಸ್, ಎರಡನೆಯದು ನನ್ನ ವಿಂಡೋಸ್. ಹತ್ತು ಸೆಕೆಂಡಿನೊಳಗೆ ನಾನು ಬಾಣದ ಗುಂಡಿ ಒತ್ತದಿದ್ದರೆ ತಾನಾಗಿ ಅವನದು ತೆರೆದುಕೊಳ್ಳುತ್ತದೆ. ಹಾಗೆ ಇಟ್ಟವನು ಅವನೇ.

ಅಂದು ಒತ್ತಲಿಲ್ಲ. ಅವನ ನೀಲಿ ಪರದೆ ಬಂದು ಪಾಸ್‌ವರ್ಡ್ ಕೇಳಿತು.

ಸಿಟ್ಟು ನೆತ್ತಿಗೇರಿತು. ಅಳು ಬರಬೇಕಿತ್ತು, ಗೊತ್ತು. ಮೂವತ್ತೊಂದು ವರ್ಷದವನ ಹೃದಯ ಬಸ್‌ಸ್ಟಾಪಿನಲ್ಲಿ ನಿಂತುಹೋದ ದಿನದಿಂದಲೂ ಅದು ಬಂದಿರಲಿಲ್ಲ. ಲ್ಯಾಪ್‌ಟಾಪ್ ನನ್ನದು. ಸತ್ತ ಮೇಲೂ ಮೊದಲ ಸಾಲು ಅವನದೇ ಅಂದರೆ ಏನರ್ಥ?

ಅವನು ಸಿಕ್ಕಿದ್ದೇ ಈ ಲ್ಯಾಪ್‌ಟಾಪಿನಿಂದ. ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ ಅವನು ಟೆಕ್ನಿಷಿಯನ್, ನಾನು ಸಂಶೋಧನೆ ಮಾಡುತ್ತಿದ್ದವಳು.

“ಎಷ್ಟು ವಯಸ್ಸು ಇದಕ್ಕೆ?”

“ಆರು.”

“ನಿಮ್ಮಷ್ಟೇ ಬೇಗ ಬಿಸಿ ಆಗತ್ತೆ.”

“ಕೆಲಸ ನೋಡ್ರೀ.”

ನೋಡಿದ. ಸ್ಕ್ರೂ ತುಟಿಯಲ್ಲಿ ಕಚ್ಚಿಕೊಂಡು, ಆಗಾಗ ಕಣ್ಣೆತ್ತಿ, ನನ್ನನ್ನೇ. ನಾನು ಗೋಡೆಯ ಗಡಿಯಾರ ನೋಡುವಂತೆ ನಟಿಸಿದೆ. ಅದು ನಿಂತು ತಿಂಗಳಾಗಿತ್ತು ಅಂತ ಆಮೇಲೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಮದುವೆಯಾದ ವರ್ಷಕ್ಕೆ ಒಂದು ಬೆಳಿಗ್ಗೆ ಈ ಎರಡು ಸಾಲು ಕಾಣಿಸಿದವು.

“ಡಾಕ್ಟರಮ್ಮ, ನಿನ್ನ ಯಂತ್ರದಲ್ಲಿ ನಂಗೊಂದು ಮನೆ ಮಾಡ್ಕೊಂಡೆ.”

“ಯಾರನ್ನ ಕೇಳಿ?”

“ಕೇಳೋಣ ಅಂದ್ರೆ ಯಜಮಾನತಿ ಗೊರಕೆ ಹೊಡೀತಿದ್ರು.”

“ಅರ್ಧ ಜಾಗ ನುಂಗಿದೀಯಲ್ಲೋ! ನನ್ನ ನಕ್ಷೆಗಳನ್ನ ಎಲ್ಲಿಡ್ಲಿ?”

“ಮಂಚದಲ್ಲಿ ನೀನು ಮುಕ್ಕಾಲು ನುಂಗಲ್ವಾ? ನಾನೇನಾದ್ರೂ ಅಂದಿದೀನಾ?”

ನನ್ನ ಥೀಸಿಸ್ ಹಳೆಯ ನೀರಿನ ಕೊಳವೆಗಳ ಚರಿತ್ರೆ. ನೂರಾರು ನಕ್ಷೆಗಳ ಸ್ಕ್ಯಾನ್. ಡಿಸ್ಕ್ ತುಂಬಿದ ಹಾಗೆಲ್ಲ ನಾನು ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತು ಜಗಳವಾಡುತ್ತಿದ್ದೆ. ಒಂದು ವರ್ಷ ಪೂರ್ತಿ. ಅವನು ತಲೆಯಾಡಿಸುತ್ತ ನನ್ನ ಜಡೆಯ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

ಈಗ ಸೋಮವಾರ ಥೀಸಿಸ್ ಕೊಡುವ ಕಡೆಯ ದಿನ. ಕೊನೆಯ ಅಧ್ಯಾಯ ಉಳಿಸಲು ಜಾಗವಿಲ್ಲ.

“ಅತ್ತಿಗೆ, ಅಣ್ಣನ ಕಡೇದನ್ನ ಅಳಿಸಿಬಿಡೋಣ,” ಅಂದ ಮೈದುನ. “ಐದು ನಿಮಿಷದ ಕೆಲಸ.”

“ಐದು ನಿಮಿಷ ಸಾಕಾ ನಿನಗೆ?”

ಅವನ ಮುಖ ಸಣ್ಣದಾಯಿತು. ಆದರೂ ನಾನು ಕ್ಷಮೆ ಕೇಳಲಿಲ್ಲ. ಆ ವಾರ ಯಾರ ಮೇಲೂ ಕರುಣೆ ಇರಲಿಲ್ಲ ನನಗೆ. ಅಳಿಸಿದರೆ ಅವನು ಹೋಗುತ್ತಾನೆ, ಅಳಿಸದಿದ್ದರೆ ಐದು ವರ್ಷದ ಕೆಲಸ. ಇಂಥ ಲೆಕ್ಕವನ್ನು ನನ್ನ ತಲೆಗೆ ಕಟ್ಟಿ ತಾನು ಹಾಯಾಗಿ ಹೋದವನ ಮೇಲಂತೂ ಇರಲೇ ಇಲ್ಲ.

ಶನಿವಾರ ಮಧ್ಯಾಹ್ನ ಲ್ಯಾಬಿನ ಮುಖ್ಯಸ್ಥರು ಮಾತಾಡಿಸಿಕೊಂಡು ಹೋಗಲು ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ನಾನೇ ಕೇಳಿದೆ.

“ಸರ್, ಅವನ ಅರ್ಧ ಅಳಿಸಿದ್ರೆ ನಂಗೆಷ್ಟು ಜಾಗ ಸಿಗತ್ತೆ?”

“ಅವನ ಅರ್ಧ ಎಲ್ಲಿದೆಯಮ್ಮ ಇದರಲ್ಲಿ?”

ಲ್ಯಾಪ್‌ಟಾಪ್ ತಿರುಗಿಸಿ ಪಕ್ಕದ ಸೀಳು ತೋರಿಸಿದರು. “ಇಲ್ಲಿ ಸಿ.ಡಿ. ಹಾಕೋ ಜಾಗ ಇತ್ತಲ್ಲ? ಅದನ್ನ ತೆಗೆದು ಬೇರೆ ಡಿಸ್ಕ್ ಕೂರಿಸಿದಾನೆ. ನಿನ್ನದನ್ನ ಒಂದು ಚೂರೂ ಮುಟ್ಟಿಲ್ಲ.”

“ಮತ್ತೆ ಒಂದು ವರ್ಷ ಬೈಸಿಕೊಂಡನಲ್ಲ!”

“ನಾನೂ ಹೇಳಿದೆ, ನಿಜ ಹೇಳಿಬಿಡೋ ಅಂತ. ‘ಬೇಡ ಸರ್, ಥೀಸಿಸ್ ಹಿಡಿದ್ರೆ ನನ್ನ ಕಡೆ ತಿರುಗಿ ನೋಡಲ್ಲ. ಜಗಳಕ್ಕಾದ್ರೂ ಪಕ್ಕ ಬಂದು ಕೂರ್ತಾಳೆ’ ಅಂದ.”

ಇದನ್ನು ನನಗಲ್ಲವೇ ಹೇಳಬೇಕಾದ್ದು? ಕಂಡವರಿಗೆ ಹೇಳಿ ಹೋಗುವುದೇ?

“ಪಾಸ್‌ವರ್ಡ್ ಗೊತ್ತಾ ಸರ್?”

“ಅವನೆಲ್ಲಿ ಇಡ್ತಿದ್ದ. ಸುಮ್ನೆ ಎಂಟರ್ ಒತ್ತು.”

ಒಂದು ವರ್ಷದಲ್ಲಿ ಒಮ್ಮೆಯೂ ಒತ್ತಿ ನೋಡಿರಲಿಲ್ಲ ನಾನು.

“ಈ ಡಿಸ್ಕ್ ಯಾರದು?”

ಅವರು ತಲೆ ತಗ್ಗಿಸಿದರು. “ಲ್ಯಾಬಿಂದು. ಚೀಟಿ ಬರೆಸಿಕೊಂಡು ಕೊಟ್ಟಿದ್ದೆ. ಸೋಮವಾರ ಸ್ಟಾಕ್ ನೋಡೋಕೆ ಬರ್ತಾರಮ್ಮ, ಡಿಸ್ಕ್ ಇಲ್ಲಾಂದ್ರೆ ನನ್ನ ಕೆಲಸಕ್ಕೆ ಕುತ್ತು. ಕೇಳೋಕೆ ಬಾಯೇ ಬರ್ಲಿಲ್ಲ.”

“ಸೋಮವಾರ ತರ್ತೀನಿ,” ಅಂದೆ.

ಅವರು ಹೋದ ಮೇಲೆ ಎಂಟರ್ ಒತ್ತಿದೆ. ತೆರೆಯಿತು.

ಒಳಗೆ ಎರಡು ಆಟ, ಒಂದು ಫೋಲ್ಡರ್. ಫೋಲ್ಡರಿನಲ್ಲಿ ನನ್ನ ಥೀಸಿಸ್, ದಿನಕ್ಕೊಂದು ಪ್ರತಿ. ನನ್ನ ಹಳೆಯ ಡಿಸ್ಕನ್ನು ಅವನು ನಂಬುತ್ತಿರಲಿಲ್ಲ. ಪ್ರತಿಯೊಂದಕ್ಕೂ ಹೆಸರಿಟ್ಟಿದ್ದ. ‘ಮೂರನೇ ಅಧ್ಯಾಯ, ಬೈದಳು.’ ‘ಮೂರನೇ ಅಧ್ಯಾಯ, ಮತ್ತೆ ಬೈದಳು.’ ‘ನಾಲ್ಕನೇ ಅಧ್ಯಾಯ, ಅಪ್ಪಿತಪ್ಪಿ ನಕ್ಕಳು.’

“ಕಳ್ಳ,” ಅಂದೆ ಜೋರಾಗಿ. “ಹೇಳೋಕೇನಾಗಿತ್ತು ನಿಂಗೆ? ಬಾಯಿ ಬಿದ್ದುಹೋಗಿತ್ತಾ?”

ಮೈದುನ ಬಾಗಿಲಿಗೆ ಬಂದು ಇಣುಕಿ, ನನ್ನ ಮುಖ ನೋಡಿ, ಸದ್ದಿಲ್ಲದೆ ಹೋದ. ಆಗ ಅಳು ಬಂತು. ಅದಕ್ಕೂ ಸಿಟ್ಟೇ.

ಎರಡು ದಿನ ಅವನ ಸಿಸ್ಟಮ್ಮಿನಲ್ಲೇ ಕೂತು ಕೊನೆಯ ಅಧ್ಯಾಯ ಮುಗಿಸಿದೆ. ಉಳಿಸುವಾಗ ಹೆಸರು ಕೇಳಿತು. ‘ಕೊನೆಯ ಅಧ್ಯಾಯ, ಇನ್ನೂ ಬೈಯುತ್ತಿದ್ದಾಳೆ’ ಎಂದು ಬರೆದೆ. ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಅವನು ದಿನಾ ಕೂರುತ್ತಿದ್ದ ಆ ಜಾಗವನ್ನು ಹಾಕಿಕೊಳ್ಳಲು ಬರುವುದಿಲ್ಲ.

ಸೋಮವಾರ ಥೀಸಿಸ್ ಕೊಟ್ಟು ಲ್ಯಾಬಿಗೆ ಹೋದೆ. ಬೆಳಿಗ್ಗೆ ನಾನೇ ಸ್ಕ್ರೂ ಬಿಚ್ಚಿ ತೆಗೆದಿದ್ದ ಡಿಸ್ಕನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ.

“ಅಳಿಸಿ ತಂದಿದೀಯಾ? ಅಳಿಸಿಯೇ ವಾಪಸ್ ಕೊಡ್ಬೇಕು, ಲ್ಯಾಬಿನ ನಿಯಮ.”

“ನಿಯಮ ತಗೊಂಡವನಿಗೆ ಸರ್. ನಾನು ಅಳಿಸಲ್ಲ.”

ಅವರು ಡಿಸ್ಕನ್ನು ಹಾಗೇ ಎತ್ತಿಟ್ಟು ಡ್ರಾಯರಿನಿಂದ ಚೀಟಿ ತೆಗೆದರು. ಅವನ ಕೈಬರಹ. ‘ಬೇಕಾದ ಕಾರಣ: ಮನೆಯಲ್ಲಿ ಮಾತಾಡಿಸಲು.’

“ಅದು ನನಗೆ ಬೇಕು.”

“ವಸ್ತು ಬಂದ ಮೇಲೆ ಚೀಟಿ ಹರಿದುಹಾಕ್ಬೇಕಮ್ಮ.”

“ಹಾಗಿದ್ರೆ ಹರಿದೇ ಕೊಡಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಚೀಟಿಯನ್ನು ನಡುವೆ ಒಂದೇ ಸಲ ಹರಿದು, ಎರಡು ಅರ್ಧವನ್ನೂ ನನ್ನ ಕೈಗೆ ಕೊಟ್ಟರು.