ಆ ಸೋಮವಾರ ರಜೆ ಇರಲಿಲ್ಲ

ನರ್ಸಮ್ಮನ ಮೇಲ್ಮನವಿಯ ಮೇಲೆ ಕೆಂಪು ಮುದ್ರೆ ಬಿದ್ದಿತ್ತು: ಅವಧಿ ಮೀರಿದೆ.

ಒಂದೇ ಒಂದು ದಿನ ತಡ. ಅಷ್ಟಕ್ಕೆ ಹತ್ತೊಂಬತ್ತು ವರ್ಷದ ಕೆಲಸ ನೀರುಪಾಲು. ಆಸ್ಪತ್ರೆಯಲ್ಲಿ ಹಳೇ, ಬಳಸಬಾರದ ಔಷಧಿ ಕೊಡುತ್ತಿದ್ದಾರೆಂದು ದೂರು ಬರೆದದ್ದಕ್ಕೆ ಅವಳನ್ನು ವಜಾ ಮಾಡಿದ್ದರು.

"ಕೊನೇ ದಿನ ಸೋಮವಾರ ಇತ್ತು ಮೇಡಂ. ಅವತ್ತು ಸರ್ಕಾರಿ ರಜೆ, ಮಂಗಳವಾರ ಕೊಡಬಹುದು ಅಂತ ದಿನ ಎಣಿಸೋ ವೆಬ್‌ಸೈಟ್ ತೋರಿಸ್ತು. ಮಗಳಿಗೆ ಜ್ವರ, ನಾನು ಮನೆಯಿಂದ ಹೊರಗೇ ಬಂದಿರಲಿಲ್ಲ. ನೋಡಿದ್ರೆ ಅವತ್ತು ರಜೆನೇ ಇರಲಿಲ್ಲವಂತೆ."

ಠಾಣೆಯಲ್ಲಿ ಅವಳ ದೂರು ಬರೆದುಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟಳು. "ಆ ವೆಬ್‌ಸೈಟ್ ಯಾರು ಹೇಳಿದ್ದು?"

"ನಮ್ಮ ಆಡಳಿತಾಧಿಕಾರಿ. 'ಬೆರಳಲ್ಲಿ ಎಣಿಸಿ ಎಡವಬೇಡ ತಂಗಿ' ಅಂದ್ರು."

*

ವೆಬ್‌ಸೈಟ್ ನಡೆಸುವವನದು ಒಂದೇ ಕೋಣೆಯ ಕಚೇರಿ. ಲೆಕ್ಕವೇ ತಪ್ಪಿರಬೇಕೆಂದು ಇನ್‌ಸ್ಪೆಕ್ಟರ್ ಇಪ್ಪತ್ತು ಬೇರೆಬೇರೆ ತಾರೀಖು ಹಾಕಿ ನೋಡಿದಳು. ಎಲ್ಲವೂ ಸರಿ.

"ತಪ್ಪಿರೋದು ರಜೆ ಪಟ್ಟಿ, ಮೇಡಂ. ವರ್ಷದ ಪಟ್ಟಿ ಸರ್ಕಾರದ್ದೇ. ನಡುವೆ ಘೋಷಣೆಯಾಗೋ ರಜೆಗಳನ್ನ ಜನ ಕಳಿಸ್ತಾರೆ. ಆದೇಶದ ಪ್ರತಿ ಇದ್ರೆ ಸೇರಿಸ್ತೀನಿ."

"ಪ್ರತಿ ನಿಜವೋ ಸುಳ್ಳೋ ಅಂತ ವಿಚಾರಿಸ್ತೀಯಾ?"

"ಇಲ್ಲ, ಮೇಡಂ," ಎಂದು ಅವನು ಆ ಸೋಮವಾರದ ರಜೆಗೆ ಯಾರೋ ಕಳಿಸಿದ್ದ ಆದೇಶದ ಪ್ರತಿ ತೆರೆದು ತೋರಿಸಿದ.

ಅವಳು ಆ ಆದೇಶ ಹೊರಟ ತಾರೀಖನ್ನು ಅವನದೇ ವೆಬ್‌ಸೈಟಿಗೆ ಹಾಕಿದಳು. ಭಾನುವಾರ. ಅದೇ ತಾರೀಖು, ಒಂದು ವರ್ಷ ಹಿಂದಕ್ಕೆ: ಎರಡನೇ ಶನಿವಾರ, ಅದೂ ರಜೆ. ಎರಡು ವರ್ಷ ಹಿಂದಕ್ಕೆ. ಶುಕ್ರವಾರ.

"ಭಾನುವಾರ ಕಚೇರಿ ತೆರೆದು ರಜೆ ಘೋಷಿಸೋರು ಯಾರಪ್ಪ? ಹಳೇ ಆದೇಶ ತಿದ್ದಿದ್ದಾರೆ. ಇಸವಿ ಬದಲಾಯಿಸಿದ್ರು, ವಾರ ನೋಡೋಕೆ ಮರೆತ್ರು."

ಪ್ರತಿಯ ಮೂಲೆಯಲ್ಲಿ ಗುಂಡುಪಿನ್ನಿನ ತುಕ್ಕಿನ ಕಲೆ, ಕೊಕ್ಕೆಯಂತೆ ಬಾಗಿತ್ತು.

*

ಆಸ್ಪತ್ರೆಯ ಬೀರುವಿನಿಂದ ಹಳೆಯ ರಜೆ ಆದೇಶಗಳ ಫೈಲು ಹೊರಬಂತು. ಎರಡು ವರ್ಷದ ಹಿಂದಿನ ಆ ಶುಕ್ರವಾರದ ಹಾಳೆ ಅದರಲ್ಲಿತ್ತು. ಅದೇ ಸಂಖ್ಯೆ, ಅದೇ ಸಹಿ. ಮೂಲೆಯಲ್ಲಿ ಅದೇ ಕೊಕ್ಕೆ.

ಆಡಳಿತಾಧಿಕಾರಿ ನಕ್ಕ. "ಈ ಬೀರುಗೆ ಯಾರು ಬೇಕಾದ್ರೂ ಕೈ ಹಾಕಬಹುದು."

"ಬೀಗ ತೆಗೆದಿದ್ದು ನಿಮ್ಮ ಜೇಬಿನ ಕೀಲಿಕೈ, ಸರ್. ಇರೋದು ಅದೊಂದೇ ಅಂತ ಗುಮಾಸ್ತರು ಬರೆದುಕೊಟ್ಟಿದ್ದಾರೆ. ಅವಳ ಕೊನೇ ದಿನ ಯಾವುದು ಅಂತ ಗೊತ್ತಿದ್ದವರು ಇಬ್ಬರೇ. ವಜಾ ಪತ್ರ ತಗೊಂಡ ಅವಳು, ಕೊಟ್ಟ ನೀವು. ಆ ಸೋಮವಾರವನ್ನೇ ಹುಡುಕಿ ರಜೆ ಮಾಡಿದ್ರಿ. ಆಮೇಲೆ ತಂಗಿ ಅಂತ ಕರೆದು ದಾರಿ ತೋರಿಸಿದ್ರಿ. ಅವಳ ಮೇಲ್ಮನವಿ ಬಿದ್ದುಹೋದ್ರೆ ಔಷಧಿ ವಿಷಯ ಯಾರೂ ಎತ್ತಲ್ಲ ಅಂದ್ಕೊಂಡ್ರಿ."

ಅವನು ಕೀಲಿಕೈಯನ್ನು ಮೇಜಿನ ಮೇಲಿಟ್ಟ. "ಮೇಲಿನವರು ಹೇಳಿದ್ರು, ಮೇಡಂ."

"ಅವರ ಹೆಸರೂ ಬರೀರಿ. ಹಾಳೆ ಬೇಕಾದಷ್ಟಿದೆ."

*

ಮೋಸ ಬಯಲಾದ್ದರಿಂದ ಒಂದು ದಿನದ ತಡ ಮನ್ನಿಸಿ ಮೇಲ್ಮನವಿ ದಾಖಲಿಸಿಕೊಂಡರು. ವೆಬ್‌ಸೈಟಿನವನು ಸುಳ್ಳು ರಜೆಯನ್ನು ಅಳಿಸಿದ. ಆದೇಶ ಹೊರಡಿಸಿದ ಕಚೇರಿಗೇ ಫೋನು ಮಾಡಿ ಕೇಳದೆ ಈಗ ಒಂದು ರಜೆಯನ್ನೂ ಸೇರಿಸುವುದಿಲ್ಲ.

ವಿಚಾರಣೆಯ ದಿನ ನರ್ಸಮ್ಮ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದಳು. ಹೆಸರು ಕೂಗಿದಾಗ ಎದ್ದು, ಸೆರಗು ಸರಿಪಡಿಸಿಕೊಂಡು, ನೇರ ಒಳಗೆ ನಡೆದಳು.