ಸ್ಟೂಲಿನ ಮೇಲಿನ ಪ್ಲಗ್

ಜೊತೆಯಲ್ಲಿ ಶೆಡ್ ನಡೆಸುತ್ತಿದ್ದ ಅಣ್ಣ ತೀರಿಕೊಂಡ ಮರುತಿಂಗಳೇ, ಕಾರು ಪಾಲಿಶ್ ಮಾಡುವ ನನ್ನ ಮೆಷಿನ್ ಕೆಲಸದ ನಡುವೆ ತಾನಾಗಿ ನಿಲ್ಲತೊಡಗಿತು. ಕಾರ್ಬನ್ ಬ್ರಷ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ವೈರೂ ಹೊಸದು ಹಾಕಿಸಿದೆ. ರಿಪೇರಿಯವನು ಅರ್ಧ ದಿನ ಓಡಿಸಿ ನೋಡಿ, "ಇದಕ್ಕೇನೂ ಆಗಿಲ್ಲಪ್ಪ, ನಿಮ್ಮಲ್ಲೇ ಏನೋ ಇದೆ" ಎಂದ.

ಅಲ್ಲಿಯವರೆಗೆ ಮೆಷಿನ್ನನ್ನೇ ನೋಡುತ್ತಿದ್ದವನು ಆಮೇಲೆ ಸುತ್ತಲೂ ಗಮನಿಸಿದೆ. ಒಂದೇ ಕಡೆ ಹೆಚ್ಚು ಹೊತ್ತು ಒತ್ತಿ ಹಿಡಿದಾಗ ಮಾತ್ರ ಅದು ನಿಲ್ಲುತ್ತಿತ್ತು. ಮೊದಲು ಬಾನೆಟ್ಟಿನ ಮೇಲೆ ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿದ ಸದ್ದು. ತಿರುಗಿ ನೋಡಿದರೆ ಪ್ಲಗ್ ಗೋಡೆಯಿಂದ ಕಳಚಿ ಸ್ಟೂಲಿನ ಮೇಲಿರುತ್ತಿತ್ತು. ಅಷ್ಟು ಹೊತ್ತು ಓಡಿದ್ದರೂ ಅದರ ಪಿನ್ನುಗಳು ಮಂಜುಗಡ್ಡೆಯಂತೆ ತಣ್ಣಗಿರುತ್ತಿದ್ದವು.

ಅಣ್ಣ ಹಾಗೆಯೇ ಮಾಡುತ್ತಿದ್ದ. "ಒಂದೇ ಕಡೆ ಒತ್ತಬೇಡ ಕಣೋ, ಬಣ್ಣ ಸುಟ್ಟೋಗುತ್ತೆ" ಎಂದು ಎರಡು ಸಲ ತಟ್ಟುತ್ತಿದ್ದ. ನಾನು ಕಿವಿಗೆ ಹಾಕಿಕೊಳ್ಳದಿದ್ದರೆ ಗಿರಾಕಿಗಳ ಎದುರೇ ಪ್ಲಗ್ ಕಿತ್ತು ಸ್ಟೂಲಿನ ಮೇಲಿಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ, ಸಂಜೆಗೆ ಕೊಡಬೇಕಿದ್ದ ಕಪ್ಪು ಕಾರಿನ ಬಾಗಿಲ ಮೇಲೆ ಮೆಷಿನ್ ಮೂರನೇ ಸಲ ನಿಂತಿತು. ಒಬ್ಬನೇ ನಿಂತು ಸತ್ತವನ ಜೊತೆ ಜಗಳಕ್ಕೆ ಬಿದ್ದೆ.

"ಸಾಕು ಮಾಡಣ್ಣ. ನನ್ನ ಕೆಲಸ ನನಗೆ ಗೊತ್ತು. ಇನ್ನು ಈ ಕಡೆ ತಲೆ ಹಾಕ್ಬೇಡ."

ಮೆಷಿನ್ ಮತ್ತೆಂದೂ ನಿಲ್ಲಲಿಲ್ಲ. ಆ ಬಾಗಿಲಿನ ಬಣ್ಣ ಅಂದೇ ಸುಟ್ಟಿತು.

ಈಗ ಮೂಲೆಯಲ್ಲೊಂದು ಹಳೇ ಬಾನೆಟ್ ಇಟ್ಟುಕೊಂಡಿದ್ದೇನೆ. ಯಾರೂ ಇಲ್ಲದಾಗ ಅದರ ಮೇಲೆ ಬೇಕೆಂದೇ ಮೆಷಿನ್ ಒತ್ತಿ ಹಿಡಿದು, ಕಿವಿಗೊಟ್ಟು ನಿಲ್ಲುತ್ತೇನೆ. ಬಣ್ಣ ಸುಟ್ಟ ವಾಸನೆ ಬರುತ್ತದೆ, ಕೆಳಗಿನ ತಗಡು ಕಾಣುತ್ತದೆ. ಪ್ಲಗ್ ಗೋಡೆಯಲ್ಲೇ ಇರುತ್ತದೆ.